ಬದಲಿಸಿಕೊಟ್ಟ ಸೀರೆಗೆ ಜಿಎಸ್‌ಟಿ: ವ್ಯತ್ಯಾಸಕ್ಕೆ ಮಾತ್ರ ಬಿಲ್ ಸಾಕಾ?

ದಾದರಿನ ನಿಮ್ಮ ಅಂಗಡಿಗೆ 3,000 ರೂಪಾಯಿ ಸೀರೆ ವಾಪಸ್ ತಂದವರು 4,000ದ್ದು ತಗೊಂಡರೆ, 1,000ಕ್ಕೆ ಮಾತ್ರ ಬಿಲ್ ಮಾಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ ಸರ್. ಹಳೇ ಬಿಲ್ ನಂಬರ್ ಹಾಕಿ 3,000ಕ್ಕೆ ಕ್ರೆಡಿಟ್ ನೋಟ್ (ಹಳೇ ಬಿಲ್‌ನ ಮೊತ್ತ ಕಡಿಮೆ ಮಾಡುವ ಚೀಟಿ) ಕೊಡಿ, ಹೊಸ ಸೀರೆಗೆ ಪೂರ್ತಿ 4,000ದ ಬೇರೆ ಬಿಲ್ ಮಾಡಿ. ಬೆಲೆ ತೆರಿಗೆ ಬಿಟ್ಟು ಅಂದುಕೊಂಡರೆ, ಸೀರೆಗೆ 5% ಅಲ್ವಾ, 150 ಕಳೆದು 200 ಸೇರುತ್ತದೆ, ಜಾಸ್ತಿ ಕಟ್ಟುವುದು 50 ರೂಪಾಯಿ ಅಷ್ಟೇ. ಆದರೆ ಸ್ಟಾಕ್ ಲೆಕ್ಕವೂ ಸರಿ ಇರುತ್ತದೆ, ಅದು ಮುಖ್ಯ.

ಗಡುವು ಮರೆಯಬೇಡಿ. ಮಾರ್ಚ್ 2025ರಲ್ಲಿ ಮಾರಿದ್ದಾದರೆ ಕ್ರೆಡಿಟ್ ನೋಟ್ ಅನ್ನು ಜಿಎಸ್‌ಟಿ ರಿಟರ್ನ್‌ನಲ್ಲಿ ತೋರಿಸಲು 2025ರ ನವೆಂಬರ್ 30 ಕೊನೆ, ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದ್ದರೆ ಆ ದಿನವೇ ಕೊನೆ. ಆಮೇಲೂ ಗಿರಾಕಿಗೆ ದುಡ್ಡು ವಾಪಸ್ ಕೊಡಬಹುದು, ನೀವು ಕಟ್ಟಿದ ತೆರಿಗೆ ಮಾತ್ರ ಕಡಿಮೆ ಆಗುವುದಿಲ್ಲ. ತಂದವರು ಜಿಎಸ್‌ಟಿ ನಂಬರ್ ಇರುವ ವ್ಯಾಪಾರಿಯಾದರೆ, ತಗೊಂಡ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಂಡಿದ್ದು) ರಿವರ್ಸ್ ಮಾಡಲು, ಅಂದರೆ ವಾಪಸ್ ಸೇರಿಸಲು, ಅವರಿಗೂ ಹೇಳಿ.