ತೂಕ ಇಳಿಸುವ ಸರ್ಜರಿ ಆಗಿ ಐದು ವಾರ. ಊಟ, ದಿನಚರಿ ಎಲ್ಲ ಯಾವಾಗ ಹಳಿಗೆ ಬರುತ್ತದೆ?

ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ನನ್ನ ಐದನೇ ವಾರ ಕಣ್ಣ ಮುಂದೆ ಬಂತು. ಸ್ಲೀವ್ ಸರ್ಜರಿ ಆಗಿದೆ, ನಾಲ್ಕು ಚಮಚಕ್ಕೆ ಹೊಟ್ಟೆ ತುಂಬಿಬಿಡುತ್ತದೆ, ಆದರೂ ಇಡೀ ದಿನ ತಲೆಯಲ್ಲಿ ಊಟದ್ದೇ ಯೋಚನೆ, ತಪ್ಪು ಮಾಡಿಬಿಟ್ಟೆನಾ ಎಂದು ಕೇಳಿದ್ದೀರಿ. ನನಗೂ ಅದೇ ಸರ್ಜರಿ. ಮೂರು ವರ್ಷ ದಾಟಿತು. ನಾನು ಡಾಕ್ಟರ್ ಅಲ್ಲ, ಆದ್ದರಿಂದ ನಾನು ಹೇಳಿದ್ದಕ್ಕೂ ನಿಮ್ಮ ಡಾಕ್ಟರ್ ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಅವರ ಮಾತನ್ನೇ ಕೇಳಿ.

ಸರ್ಜರಿ ಆದ ಮೂರನೇ ವಾರ ನಾನು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೆ. ಕಾರಣ ಕೇಳಿದರೆ ನಗುತ್ತೀರಿ. ಮಗ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ, ಅಷ್ಟೇ. ನನಗೆ ಹಸಿವಿರಲಿಲ್ಲ. ಕೊಟ್ಟಿದ್ದರೂ ತಿನ್ನಲು ಆಗುತ್ತಿರಲಿಲ್ಲ. ಆದರೂ ಯಾರೋ ಹತ್ತಿರದವರನ್ನು ಕಳೆದುಕೊಂಡ ಹಾಗೆ ಅಳು ಬಂತು. ಆಮೇಲೆ ಡಯೆಟಿಷಿಯನ್ ಹತ್ತಿರ ನಾಚಿಕೆಯಿಂದಲೇ ಹೇಳಿಕೊಂಡೆ. "ಇದು ಎಲ್ಲರಿಗೂ ಆಗುವುದೇ. ಬೇಜಾರಾದರೆ, ಖುಷಿಯಾದರೆ, ಸುಮ್ಮನೆ ಕೂತರೆ, ಎಲ್ಲದಕ್ಕೂ ಊಟದ ಹತ್ತಿರವೇ ಹೋಗುತ್ತಿದ್ದಿರಿ. ಈಗ ಆ ಬಾಗಿಲು ಮುಚ್ಚಿದೆ" ಎಂದರು. ಇದಕ್ಕೆ ತಲೆಹಸಿವು ಅನ್ನುತ್ತಾರೆ. ಹೊಟ್ಟೆಯ ಹಸಿವು ಬೇರೆ, ಇದು ಬೇರೆ.

ಸ್ಲೀವ್‌ನಲ್ಲಿ ಹೊಟ್ಟೆಯ ಶೇಕಡಾ 75ರಿಂದ 80ರಷ್ಟು ಭಾಗ ತೆಗೆದುಹಾಕುತ್ತಾರೆ. ಉಳಿಯುವುದು ಬಾಳೆಹಣ್ಣಿನ ಹಾಗಿರುವ ಒಂದು ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಭಾಗದಲ್ಲೇ. ಹಾಗಾಗಿ ಮೊದಲ ಕೆಲವು ತಿಂಗಳು ನಿಜವಾದ ಹಸಿವು ತುಂಬಾ ಕಡಿಮೆ. ಆದರೆ ಇಷ್ಟು ವರ್ಷದ ಅಭ್ಯಾಸ ಇರುವುದು ಹೊಟ್ಟೆಯಲ್ಲಲ್ಲ, ಅದನ್ನು ಯಾರೂ ಕತ್ತರಿಸಿ ತೆಗೆದಿಲ್ಲವಲ್ಲ! ನನ್ನ ಹೊಟ್ಟೆ ಒಂದೇ ಬೆಳಿಗ್ಗೆಯಲ್ಲಿ ಚಿಕ್ಕದಾಯಿತು. ನನ್ನ ಕೈ ಅಳತೆ ಚಿಕ್ಕದಾಗಲು ಒಂದು ವರ್ಷ ಹಿಡಿಯಿತು. ತಟ್ಟೆಗೆ ಬಡಿಸಿಕೊಳ್ಳುವಾಗ, ತುತ್ತು ಮಾಡುವಾಗ, ಚಮಚ ತುಂಬುವಾಗ ಕೈ ತನ್ನ ಹಳೆಯ ಲೆಕ್ಕದಲ್ಲೇ ಹೋಗುತ್ತಿತ್ತು.

ಅದು ಎಷ್ಟು ಕಷ್ಟ ಕೊಡುತ್ತದೆ ಅಂತ ನನಗೆ ಕಲಿಸಿದ್ದು ಒಂದು ಬೇಯಿಸಿದ ಮೊಟ್ಟೆ.

ಆರನೇ ವಾರ ಇರಬೇಕು. ನೀರು, ಸೂಪು, ರುಬ್ಬಿದ್ದು ಎಲ್ಲ ಮುಗಿದು ಮೆತ್ತಗಿನ ಊಟಕ್ಕೆ ಬಂದಿದ್ದೆ. ಮೊಟ್ಟೆಯನ್ನು ಎಂಟು ಚೂರು ಮಾಡಿ, ಚಿಕ್ಕ ತಟ್ಟೆಯಲ್ಲಿಟ್ಟುಕೊಂಡು ಕೂತೆ. ಮೊದಲ ಚೂರು ಚೆನ್ನಾಗಿ ಅಗಿದೆ, ನುಂಗಿದೆ, ಎರಡು ನಿಮಿಷ ಕಾದೆ. ಏನೂ ಆಗಲಿಲ್ಲ. ಎರಡನೆಯದೂ ಹಾಗೇ. ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಮಾತಾಡುತ್ತಾ ಮೂರು ಚೂರು ಒಂದರ ಹಿಂದೆ ಒಂದು ಬಾಯಿಗೆ ಹೋಯಿತು. ಗಮನವೇ ಇರಲಿಲ್ಲ. ಎದೆಯ ನಡುವೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗಾಯಿತು. ಬಿಕ್ಕಳಿಕೆ, ಆಮೇಲೆ ಬಾಯಿ ತುಂಬ ನೊರೆನೊರೆ ಜೊಲ್ಲು. ಕೆಳಗೂ ಇಳಿಯದು, ಮೇಲೂ ಬರದು. ಗಾಬರಿಯಲ್ಲಿ ಎರಡು ಗುಟುಕು ನೀರು ಕುಡಿದೆ, ಜಾರಿ ಹೋಗಲಿ ಅಂತ. ಅದೇ ದೊಡ್ಡ ತಪ್ಪು. ಇಳಿಯಲು ದಾರಿ ಇಲ್ಲದ ನೀರು ಮೇಲೆಯೇ ನಿಂತಿತು. ನಲವತ್ತು ನಿಮಿಷ ಬಚ್ಚಲಮನೆಯಲ್ಲಿ ಕೂತಿದ್ದೆ. ಕೊನೆಗೆ ವಾಂತಿಯಾಗಿ ಹಗುರವಾಯಿತು. ಅಕ್ಕ ಮಾತ್ರ ಆ ಕಡೆಯಿಂದ "ಹಲೋ, ಹಲೋ" ಅನ್ನುತ್ತಲೇ ಇದ್ದಳಂತೆ.

ಅವತ್ತಿನಿಂದ ಊಟಕ್ಕೆ ಕೂತಾಗ ಫೋನ್ ಬೇರೆ ಕೋಣೆಯಲ್ಲಿ. ಟೀವಿ ಬಂದ್. ಚಿಕ್ಕ ಮಕ್ಕಳ ಚಮಚ ಇಟ್ಟುಕೊಂಡೆ. ಒಂದು ತುತ್ತಿಗೂ ಇನ್ನೊಂದಕ್ಕೂ ನಡುವೆ ಚಮಚವನ್ನು ಕೈಯಿಂದ ಕೆಳಗಿಡುವ ಅಭ್ಯಾಸ ಮಾಡಿಕೊಂಡೆ. ಕೇಳಲು ತಮಾಷೆಯಾಗಿದೆ, ಆದರೆ ನನಗೆ ಬೇರೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಇದೇ.

ಹೊಟ್ಟೆ ತುಂಬಿದ್ದು ಗೊತ್ತಾಗುವ ಬಗೆಯೂ ಬದಲಾಗುತ್ತದೆ. ಮೊದಲು ನನಗೆ ಹೊಟ್ಟೆ ಭಾರವಾಗಿ, ಬಟ್ಟೆ ಬಿಗಿಯಾದರೆ ಸಾಕು ಅನ್ನಿಸುತ್ತಿತ್ತು. ಈಗ ಅಲ್ಲಿಯವರೆಗೆ ಕಾದರೆ ಕೆಟ್ಟೆವು. ಈಗಿನ ಸೂಚನೆ ತುಂಬಾ ಸಣ್ಣದು, ಬಂದು ಹೋಗಿಬಿಡುತ್ತದೆ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ತೇಗು, ಕೆಲವರಿಗೆ ಸೀನು. ನನಗೆ ಮೂಗು ಸೋರುತ್ತದೆ! ನಿಜವಾಗಲೂ. ನೆಗಡಿ ಅಂತ ಎರಡು ತಿಂಗಳು ಅಂದುಕೊಂಡಿದ್ದೆ. ಮೂಗು ಒರೆಸಿಕೊಂಡು ಇನ್ನೊಂದು ತುತ್ತು ತಿಂದರೆ ಸಂಕಟ ಗ್ಯಾರಂಟಿ ಅನ್ನುವುದು ನಿಧಾನಕ್ಕೆ ಗೊತ್ತಾಯಿತು. ಈಗ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಾನು ಕರವಸ್ತ್ರ ತೆಗೆದರೆ ನನ್ನ ತಟ್ಟೆ ಎತ್ತಿಡುತ್ತಾರೆ. ನಿಮ್ಮ ಸೂಚನೆ ಯಾವುದು ಅಂತ ಈಗಿನಿಂದಲೇ ಗಮನಿಸುತ್ತಿರಿ.

ನೀರಿನ ವಿಷಯ. ಊಟದ ಜೊತೆ ನೀರು ಬೇಡ, ಊಟ ಮುಗಿದು ಅರ್ಧ ಗಂಟೆಯಾದ ಮೇಲೆ ಕುಡಿಯಿರಿ ಎಂದು ನಿಮಗೂ ಹೇಳಿರುತ್ತಾರೆ. ಆದರೆ ದಿನಕ್ಕೆ ಒಂದೂವರೆ ಲೀಟರ್ ಆದರೂ ಒಳಗೆ ಹೋಗಬೇಕು, ಅದೂ ಗುಟುಕು ಗುಟುಕಾಗಿ. ಗಟಗಟ ಕುಡಿಯುವ ಕಾಲ ಮುಗಿಯಿತು. ನಾನು ಬಾಟಲಿಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಹತ್ತು ಗಂಟೆಗೆ ಇಲ್ಲಿಗೆ, ಒಂದು ಗಂಟೆಗೆ ಇಲ್ಲಿಗೆ ಅಂತ ಬರೆದಿಟ್ಟುಕೊಂಡಿದ್ದೆ. ಮೊದಲ ತಿಂಗಳುಗಳಲ್ಲಿ ತಲೆಸುತ್ತು, ಸುಸ್ತು, ಮಲಬದ್ಧತೆ ಬಂದಾಗಲೆಲ್ಲ ಹಿಂದಿನ ದಿನದ ಬಾಟಲಿ ನೋಡಿದರೆ ಅರ್ಧ ಹಾಗೇ ಉಳಿದಿರುತ್ತಿತ್ತು. ಸೋಡಾ, ಕೋಲಾದಂಥ ಗ್ಯಾಸ್ ಇರುವ ಪಾನೀಯ ನಾನು ಇವತ್ತಿಗೂ ಮುಟ್ಟುವುದಿಲ್ಲ.

ಊಟದಲ್ಲಿ ಮೊದಲು ಪ್ರೋಟೀನ್. ಸಾಮಾನ್ಯವಾಗಿ ದಿನಕ್ಕೆ 60 ಗ್ರಾಂ ಅಥವಾ ಸ್ವಲ್ಪ ಹೆಚ್ಚು ಹೇಳುತ್ತಾರೆ. ಮೊಟ್ಟೆ, ಮೀನು, ಮೊಸರು, ಬೇಳೆ, ಏನಾದರೂ ಸರಿ, ತಟ್ಟೆಯಲ್ಲಿ ಅದು ಮೊದಲು ಖಾಲಿಯಾಗಬೇಕು. ಆಮೇಲೆ ತರಕಾರಿ. ಅನ್ನ, ಬ್ರೆಡ್ಡು ಕೊನೆಗೆ, ಜಾಗ ಉಳಿದಿದ್ದರೆ. ಅದೂ ಅಲ್ಲದೆ ಮೆತ್ತನೆಯ ಬ್ರೆಡ್ಡು ಒಳಗೆ ಹೋಗಿ ಹಿಟ್ಟಿನ ಉಂಡೆಯ ಹಾಗೆ ಕೂತುಬಿಡುತ್ತದೆ. ಒಣಗಿದ ಕೋಳಿಮಾಂಸವೂ ಅಷ್ಟೇ. ಒಂದು ವಿಚಿತ್ರ ಏನೆಂದರೆ, ಒಳ್ಳೆಯ ಊಟ ಸಿಕ್ಕಿಹಾಕಿಕೊಳ್ಳುತ್ತದೆ, ಕೆಟ್ಟ ತಿಂಡಿ ಸಲೀಸಾಗಿ ಇಳಿಯುತ್ತದೆ. ಬಿಸ್ಕತ್ತು, ಚಿಪ್ಸು, ಚಾಕೊಲೇಟು, ಐಸ್‌ಕ್ರೀಮು ಬಾಯಲ್ಲೇ ಕರಗುತ್ತವೆ. ಗಂಟೆಗಟ್ಟಲೆ ತಿನ್ನುತ್ತಾ ಕೂತರೂ ಹೊಟ್ಟೆ ತುಂಬುವುದಿಲ್ಲ. ಸರ್ಜರಿಗೆ ಮೋಸ ಮಾಡುವ ದಾರಿ ಇದೇ, ನಾನೂ ಆ ದಾರಿಯಲ್ಲಿ ಸ್ವಲ್ಪ ದೂರ ನಡೆದು ಬಂದವಳು.

ಸಿಹಿ ಜಾಸ್ತಿಯಾದರೆ ಡಂಪಿಂಗ್ ಅನ್ನುವುದೂ ಇದೆ. ಬೈಪಾಸ್ (ಹೃದಯದ್ದಲ್ಲ, ಹೊಟ್ಟೆಯನ್ನು ಚಿಕ್ಕದು ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸುವ ಇನ್ನೊಂದು ತೂಕದ ಸರ್ಜರಿ) ಮಾಡಿಸಿಕೊಂಡವರಲ್ಲಿ ಹೆಚ್ಚು, ಸ್ಲೀವ್‌ನವರಿಗೂ ಆಗಬಹುದು. ಸಕ್ಕರೆ ಇರುವ ಪದಾರ್ಥ ಸಣ್ಣ ಕರುಳಿಗೆ ಬೇಗ ಬೇಗ ಇಳಿದುಬಿಡುತ್ತದೆ. ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಬೆವರು, ಎದೆ ಡವಡವ, ಹೊಟ್ಟೆ ನುಲಿತ, ಭೇದಿ. ಇನ್ನು ಕೆಲವರಿಗೆ ತಿಂದ ಒಂದರಿಂದ ಮೂರು ಗಂಟೆಯ ಮೇಲೆ ರಕ್ತದ ಸಕ್ಕರೆ ಕುಸಿದು ಕೈ ನಡುಗುತ್ತದೆ. ನನಗೆ ಒಂದೇ ಸಲ ಆಗಿದ್ದು, ಐಸ್‌ಕ್ರೀಮಿನಿಂದ. ಕಪ್ಪಿನಲ್ಲಿ ಉಳಿದದ್ದನ್ನು ನೋಡುತ್ತಾ ಸೋಫಾದ ಮೇಲೆ ಬಿದ್ದುಕೊಂಡಿದ್ದೆ.

ಮಾತ್ರೆಗಳನ್ನು ಮಾತ್ರ ಬಿಡಬೇಡಿ. ಮಲ್ಟಿವಿಟಮಿನ್, ಬಿ12, ಡಿ, ಕಬ್ಬಿಣ, ಕ್ಯಾಲ್ಸಿಯಂ, ಇವೆಲ್ಲ ಜೀವನಪೂರ್ತಿ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ನಡುವೆ ಎರಡು ಗಂಟೆ ಅಂತರ ಇರಲಿ, ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. "ಚೆನ್ನಾಗಿದ್ದೀನಲ್ಲ" ಅಂತ ನಾನು ಎರಡನೇ ವರ್ಷ ನಾಲ್ಕು ತಿಂಗಳು ಕಬ್ಬಿಣ ಬಿಟ್ಟೆ. ಮೆಟ್ಟಿಲು ಹತ್ತಿದರೆ ಏದುಸಿರು ಶುರುವಾಯಿತು. ತೂಕ ಇಳಿದಮೇಲೂ ಯಾಕೆ ಹೀಗೆ ಅಂತ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಪಾತಾಳದಲ್ಲಿತ್ತು. ಹಾಗೆಯೇ ತಲೆನೋವು, ಮೈಕೈನೋವಿಗೆ ಐಬುಪ್ರೊಫೇನ್ ತರದ ನೋವಿನ ಮಾತ್ರೆ ನೀವಾಗಿಯೇ ನುಂಗಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಬಹುದು. ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತೂಕ ಇಳಿದ ಹಾಗೆ ಪ್ರಮಾಣ ಬದಲಿಸಬೇಕಾಗುತ್ತದೆ, ಡಾಕ್ಟರನ್ನು ಕೇಳಿ. ಮದ್ಯ ಕುಡಿಯುವವರಾದರೆ ಹುಷಾರು, ಮೊದಲಿಗಿಂತ ತುಂಬಾ ಬೇಗ ಏರುತ್ತದೆ. ಮಗು ಬೇಕೆನ್ನುವವರಿಗೆ ಒಂದರಿಂದ ಒಂದೂವರೆ ವರ್ಷ ಕಾಯಲು ಹೇಳುತ್ತಾರೆ.

ಇನ್ನು ಸ್ವಲ್ಪ ದಿನದಲ್ಲಿ ಕೂದಲು ಉದುರಲು ಶುರುವಾಗಬಹುದು. ಸಾಮಾನ್ಯವಾಗಿ ಮೂರನೇ ತಿಂಗಳ ಹೊತ್ತಿಗೆ. ಬಾಚಣಿಗೆ ನೋಡಿ ಗಾಬರಿಯಾಗಬೇಡಿ. ಸರ್ಜರಿ ಮತ್ತು ದಿಢೀರ್ ತೂಕ ಇಳಿದ ಆಘಾತಕ್ಕೆ ಹಾಗಾಗುತ್ತದೆ, ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಪ್ರೋಟೀನ್, ಕಬ್ಬಿಣ ಸರಿಯಾಗಿದೆಯಾ ನೋಡಿಕೊಳ್ಳಿ ಅಷ್ಟೇ. ಚಳಿಯೂ ಜಾಸ್ತಿ ಆಗುತ್ತದೆ. ಮೈಮೇಲಿದ್ದ ಕೊಬ್ಬಿನ ಕಂಬಳಿ ಕರಗಿದೆಯಲ್ಲ!

ತೂಕ ಒಂದೇ ಸಮನೆ ಇಳಿಯುವುದಿಲ್ಲ. ಮೂರನೇ ವಾರದ ಹೊತ್ತಿಗೆ ಮುಳ್ಳು ನಿಂತುಬಿಡುವುದು ತುಂಬಾ ಜನರಿಗೆ ಆಗುತ್ತದೆ, ನಿಮಗೂ ಆಗಿರಬಹುದು. ನಾನು ದಿನಕ್ಕೆ ಮೂರು ಸಲ ತೂಕ ನೋಡುತ್ತಿದ್ದೆ. ಗಂಡ ಒಂದು ದಿನ ತೂಕದ ಯಂತ್ರವನ್ನೇ ಅಟ್ಟಕ್ಕೆ ಹಾಕಿದರು. ಒಳ್ಳೆಯದೇ ಆಯಿತು. ಒಂದೂವರೆ ವರ್ಷದವರೆಗೆ ಇಳಿದು, ಆಮೇಲೆ ನಿಂತು, ಮೂರನೇ ವರ್ಷದಲ್ಲಿ ನನಗೆ ನಾಲ್ಕು ಕಿಲೋ ವಾಪಸ್ ಬಂದಿದೆ. ಸ್ವಲ್ಪ ವಾಪಸ್ ಬರುವುದು ಮಾಮೂಲಿ. ಹಸಿವೂ ನಿಧಾನಕ್ಕೆ ಮರಳುತ್ತದೆ. ಅಷ್ಟರೊಳಗೆ ಕೈ ಅಳತೆ ಬದಲಾಗಿದ್ದರೆ ಬಚಾವು.

ಜನರ ವಿಷಯ ಬೇರೆಯೇ ಕಥೆ. ಮೊದಲು "ಇಷ್ಟೊಂದು ತಿನ್ನಬೇಡ" ಅಂದ ಬಾಯಿಗಳೇ ಈಗ "ಇಷ್ಟೇ ತಿಂದರೆ ಹೇಗೆ, ಮುಖ ಎಲ್ಲ ಇಳಿದುಹೋಗಿದೆ" ಅನ್ನುತ್ತವೆ. ನಮ್ಮ ಅತ್ತೆಗೆ ನಾನು ಬೇಡ ಎಂದಾಗಲೆಲ್ಲ ಅಡುಗೆ ಚೆನ್ನಾಗಿಲ್ಲವೇನೋ ಅನ್ನುವ ಸಂಕಟ. "ಅತ್ತೆ, ರುಚಿಯಾಗಿದೆ, ಅದಕ್ಕೇ ನಾಳೆಗೂ ಇಟ್ಟುಕೊಳ್ಳುತ್ತೇನೆ" ಅಂತ ಡಬ್ಬಿಗೆ ಹಾಕಿಸಿಕೊಳ್ಳಲು ಶುರುಮಾಡಿದೆ. ಇಬ್ಬರಿಗೂ ಸಮಾಧಾನ. ಸರ್ಜರಿ ಆಗಿದೆ ಅಂತ ಎಲ್ಲರಿಗೂ ಹೇಳಬೇಕಾಗಿಲ್ಲ. ನಾನು ಮನೆಯವರಿಗೆ, ಇಬ್ಬರು ಗೆಳತಿಯರಿಗೆ ಮಾತ್ರ ಹೇಳಿದೆ. "ಸುಲಭದ ದಾರಿ ಹಿಡಿದೆ" ಅಂದವರೂ ಇದ್ದಾರೆ. ಆ ಮೊಟ್ಟೆ ಸಿಕ್ಕಿಕೊಂಡ ದಿನ ಅವರನ್ನು ಬಚ್ಚಲಮನೆಗೆ ಕರೆಯಬೇಕಿತ್ತು.

ಕಣ್ಣಿಗೂ ಮನಸ್ಸಿಗೂ ಹೊಸ ಮೈ ಒಗ್ಗಲು ಸಮಯ ಬೇಕು. ಮೂವತ್ತೆರಡು ಕಿಲೋ ಇಳಿದ ಮೇಲೂ ಸಾಲು ಕುರ್ಚಿಗಳ ನಡುವೆ ಅಡ್ಡಡ್ಡ ತಿರುಗಿಯೇ ಹೋಗುತ್ತಿದ್ದೆ. ಕೂರುವ ಮೊದಲು ಕುರ್ಚಿಗೆ ಕೈ ಇದೆಯಾ, ಕಾಲು ಗಟ್ಟಿಯಿದೆಯಾ ನೋಡುತ್ತಿದ್ದೆ. ಒಂದು ದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹತ್ತು ನಿಮಿಷವಾದ ಮೇಲೆ, ಅರೆ, ನೋಡಲೇ ಇಲ್ಲವಲ್ಲ ಅಂತ ಹೊಳೆಯಿತು. ಹೊಟ್ಟೆಯ ಮೇಲೆ, ತೋಳಿನಲ್ಲಿ ಜೋತುಬಿದ್ದ ಚರ್ಮ ಹಾಗೇ ಇದೆ. ವ್ಯಾಯಾಮದಿಂದ ಅದು ಪೂರ್ತಿ ಹೋಗುವುದಿಲ್ಲ, ಅದನ್ನು ಮೊದಲೇ ತಿಳಿದುಕೊಂಡಿದ್ದರೆ ಒಳ್ಳೆಯದು.

ಯಾವುದಕ್ಕೆ ಕಾಯಬಾರದು ಅಂತ ಹೇಳಿಬಿಡುತ್ತೇನೆ. ನೀರೂ ನಿಲ್ಲದಷ್ಟು ವಾಂತಿ, ಜ್ವರ, ಸುಮ್ಮನೆ ಕೂತಾಗಲೂ ಎದೆ ಜೋರಾಗಿ ಬಡಿಯುವುದು, ಬಲಗಡೆ ಪಕ್ಕೆಲುಬಿನ ಕೆಳಗೆ ಹಿಂಡುವ ನೋವು, ಕಪ್ಪು ಮಲ, ಇವುಗಳಲ್ಲಿ ಯಾವುದಾದರೂ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಬೇಗ ತೂಕ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗುವುದುಂಟು. ದಿನಗಟ್ಟಲೆ ವಾಂತಿಯಾದರೆ ಬಿ1 ವಿಟಮಿನ್ ಖಾಲಿಯಾಗಿ ನರಗಳಿಗೇ ತೊಂದರೆಯಾಗಬಹುದು.

ತಪ್ಪು ಮಾಡಿದೆನಾ ಅಂತ ಕೇಳಿದ್ದೀರಲ್ಲ. ಐದನೇ ವಾರದಲ್ಲಿ ನನ್ನನ್ನು ಕೇಳಿದ್ದರೆ ಹೌದು ಅನ್ನುತ್ತಿದ್ದೆ. ಐದನೇ ತಿಂಗಳಲ್ಲಿ ಆ ಪ್ರಶ್ನೆ ನೆನಪಿಗೇ ಬರುತ್ತಿರಲಿಲ್ಲ. ಅಳು ಎರಡು ಮೂರು ವಾರ ಬಿಡದೆ ಇದ್ದರೆ, ಏನೂ ಬೇಡ ಅನ್ನಿಸಿದರೆ ಅದನ್ನೂ ಡಾಕ್ಟರಿಗೆ ಹೇಳಿ, ಹೊಟ್ಟೆನೋವು ಹೇಳಿದಷ್ಟೇ ಸಲೀಸಾಗಿ. ತಲೆಹಸಿವು ಬಂದಾಗ ನಾನು ಎದ್ದು ಹೊರಗೆ ಹದಿನೈದು ನಿಮಿಷ ನಡೆಯುತ್ತಿದ್ದೆ. ಹತ್ತರಲ್ಲಿ ಆರು ಸಲ ಹೋಗುತ್ತಿತ್ತು, ನಾಲ್ಕು ಸಲ ಹೋಗುತ್ತಿರಲಿಲ್ಲ.

ಮೊಟ್ಟೆ ಶುರುಮಾಡುವ ದಿನ ಪೂರ್ತಿ ಗಟ್ಟಿ ಬೇಯಿಸಬೇಡಿ, ಸ್ವಲ್ಪ ಹಾಲು ಹಾಕಿ ಮೆತ್ತಗೆ ಕದಡಿ ಬೇಯಿಸಿ. ಅರ್ಧ ಸಾಕು. ಫೋನ್ ಬೇರೆ ಕೋಣೆಯಲ್ಲಿರಲಿ.