ಗೋಡೆಯಲ್ಲಿ ಪ್ಲಗ್ ಇದೆಯೇ? ಆಮೇಲೆ ಕಾರಿನ ಮಾತು

ಎಲೆಕ್ಟ್ರಿಕ್ ಕಾರು ಈಗ ಕೊಳ್ಳಬಹುದೇ ಎಂದು ಕೇಳಿ ಬಂದ ಪತ್ರಗಳಲ್ಲಿ ಆಯ್ದ ಐದಕ್ಕೆ ಈ ಸಲದ ಉತ್ತರ.

ಪ್ರಶ್ನೆ: ತುಮಕೂರಿನಲ್ಲಿ ಸ್ವಂತ ಮನೆ ಇದೆ. ದಿನಕ್ಕೆ 40 ಕಿ.ಮೀ. ಓಡಾಟ. ಕರೆಂಟು ಬಿಲ್ಲು ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತಿದೆ. ಕಾರು ಈಗಲೇ ಕೊಳ್ಳಲೇ, ಇನ್ನೂ ಕಾಯಲೇ?

ತಿಂಗಳಿಗೆ 25 ದಿನ ಅಂದರೆ 1,000 ಕಿ.ಮೀ. ಸಣ್ಣ ಪೆಟ್ರೋಲ್ ಕಾರು ಊರೊಳಗೆ ಲೀಟರಿಗೆ 14 ಕಿ.ಮೀ. ಕೊಟ್ಟರೆ, ಲೀಟರಿಗೆ 103 ರೂಪಾಯಿಯಂತೆ ಸುಮಾರು 7,350 ರೂಪಾಯಿ ಖರ್ಚು. ಅದೇ ಗಾತ್ರದ ಎಲೆಕ್ಟ್ರಿಕ್ ಕಾರು ನಿಮ್ಮ ಮೀಟರಿನ ಒಂದು ಯೂನಿಟ್‌ಗೆ ಆರೂವರೆ ಕಿ.ಮೀ. ಓಡುತ್ತದೆ ಎಂದುಕೊಳ್ಳಿ. ಕಾರಿನ ಪರದೆ ಇದಕ್ಕಿಂತ ಹೆಚ್ಚು ತೋರಿಸಬಹುದು. ಆದರೆ ಚಾರ್ಜ್ ಆಗುವಾಗ ಶೇ. 10–15 ಬಿಸಿಯಾಗಿ ಸೋರಿಹೋಗುತ್ತದೆ, ಅದನ್ನು ಪರದೆ ಹೇಳುವುದಿಲ್ಲ, ಮೀಟರು ಬಿಡುವುದಿಲ್ಲ. ತಿಂಗಳಿಗೆ 150 ಯೂನಿಟ್ ಆಯಿತು. ತೆರಿಗೆ ಸೇರಿಸಿ ಯೂನಿಟ್‌ಗೆ 7 ರೂಪಾಯಿ ಹಿಡಿದರೆ 1,050 ರೂಪಾಯಿ.

ಶೋರೂಮಿನವರ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ನಿಮ್ಮದು ಮುಗಿಯುವುದಿಲ್ಲ. ಮನೆಗೆ ಈಗ 110 ಯೂನಿಟ್ ಖರ್ಚಾಗುತ್ತಿದ್ದರೆ ಕಾರಿನದ್ದು ಸೇರಿ 260 ಆಗುತ್ತದೆ. 200 ದಾಟಿದ ತಿಂಗಳು ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಇಷ್ಟು ದಿನ ಪುಕ್ಕಟೆ ಇದ್ದ 110 ಯೂನಿಟ್‌ಗೂ ನಿಗದಿತ ಶುಲ್ಕಕ್ಕೂ ಸೇರಿ ಸಾವಿರದ ಮೇಲೆ ಬೀಳುತ್ತದೆ. ಅದೂ ಕಾರಿನ ಖರ್ಚೇ. ಹೀಗೆ ಕಿ.ಮೀ.ಗೆ ಒಂದು ರೂಪಾಯಿ ಎಂದದ್ದು ಎರಡಕ್ಕಿಂತ ಮೇಲಾಗುತ್ತದೆ. ಚಾರ್ಜಿಂಗ್‌ಗೆಂದೇ ಬೇರೆ ಮೀಟರು, ಬೇರೆ ಆರ್.ಆರ್. ನಂಬರ್ ಕೇಳಿ ಬೆಸ್ಕಾಂಗೆ ಅರ್ಜಿ ಹಾಕಿ. ವಾಹನ ಚಾರ್ಜಿಂಗ್‌ಗೆ ದರದ ವರ್ಗವೇ ಬೇರೆ ಇದೆ, ಮನೆಯ ಲೆಕ್ಕ ಮನೆಗೇ ಉಳಿಯುತ್ತದೆ.

ಬೇರೆ ಮೀಟರು ಇಲ್ಲದೆಯೂ ತಿಂಗಳಿಗೆ 5,000 ರೂಪಾಯಿ ಉಳಿಯುತ್ತದೆ. ಅದೇ ಮಾದರಿಯ ಪೆಟ್ರೋಲ್ ಕಾರಿಗಿಂತ 3 ಲಕ್ಷ ಹೆಚ್ಚು ಕೊಟ್ಟರೆ ಐದು ವರ್ಷಕ್ಕೆ ದುಡ್ಡು ವಾಪಸು. ಆಯಿಲ್, ಕ್ಲಚ್ ಖರ್ಚು ಇಲ್ಲದ್ದರಿಂದ ಸ್ವಲ್ಪ ಮೊದಲೇ ಬಂದೀತು. ನಿಮಗೆ ಕೊಳ್ಳಿ ಎನ್ನುತ್ತೇವೆ. ತಿಂಗಳಿಗೆ 400 ಕಿ.ಮೀ. ಓಡಿಸುವವರು ಇದೇ ಪ್ರಶ್ನೆ ಕೇಳಿದ್ದರೆ ಬೇಡ ಎನ್ನುತ್ತಿದ್ದೆವು. ಅವರಿಗೆ ಅಸಲು ಹುಟ್ಟಲು ಸುಮಾರು ಹತ್ತು ವರ್ಷ ಬೇಕು.

ಕಾಯುವ ಮಾತಿಗೆ ಬಂದರೆ, 2025ರ ಸೆಪ್ಟೆಂಬರಿನಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ, ಎಲೆಕ್ಟ್ರಿಕ್ ಕಾರಿಗೆ ಮೊದಲಿನ ಶೇ. 5 ಹಾಗೇ ಇದೆ. ಅಂತರ ಕಿರಿದಾಗಿದೆ. ರಾಜ್ಯದ ರಸ್ತೆ ತೆರಿಗೆಯೂ ಒಂದೇ ಕಡೆ ನಿಂತಿಲ್ಲ. 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ 2024ರಲ್ಲಿ ಶೇ. 10 ಹಾಕಿದರು. ಆದ್ದರಿಂದ ಕೊಳ್ಳುವ ವಾರದ ಕೊಟೇಶನ್ನೇ ಪ್ರಮಾಣ. ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಒಂದೂವರೆ ಲಕ್ಷ ವಿನಾಯಿತಿ ಸಿಗುತ್ತದೆ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ. ಅದು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ.

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ. ಕಾರು ಬೀದಿಯಲ್ಲೇ ನಿಲ್ಲಿಸಬೇಕು. ಹತ್ತಿರದಲ್ಲೇ ಚಾರ್ಜಿಂಗ್ ಸ್ಟೇಷನ್ ಇದೆ. ಸಾಕಲ್ಲವೇ?

ಸಾಲದು. ಹೊರಗೆ ಫಾಸ್ಟ್ ಚಾರ್ಜಿಂಗ್‌ಗೆ ಜಿಎಸ್‌ಟಿ ಸೇರಿ ಯೂನಿಟ್‌ಗೆ 20–25 ರೂಪಾಯಿವರೆಗೂ ಆಗುತ್ತದೆ. ಕಿ.ಮೀ.ಗೆ ಮೂರೂವರೆ ರೂಪಾಯಿ ಬಿತ್ತು, ಉಳಿತಾಯದ ದೊಡ್ಡ ಪಾಲು ಹೋಯಿತು. ಜೊತೆಗೆ ವಾರಕ್ಕೆರಡು ಸಲ ಸರದಿ. ಸದ್ಯಕ್ಕೆ ಬೇಡ.

ಪ್ರಶ್ನೆ: ಪುತ್ತೂರಿನ ಮನೆಯಲ್ಲಿ 15 ಆಂಪ್ ಪ್ಲಗ್‌ಗೆ ಚಾರ್ಜರ್ ಹಾಕಿದರೆ ಕೆಲವೊಮ್ಮೆ ಕೆಂಪು ದೀಪ ಬಂದು ಶುರುವೇ ಆಗುವುದಿಲ್ಲ. ಕೆಲವೊಮ್ಮೆ ಎರಡು ಗಂಟೆ ಆಗಿ ನಿಲ್ಲುತ್ತದೆ. ಕಾರಿನ ದೋಷವೇ?

ಹೆಚ್ಚುಕಡಿಮೆ ಖಂಡಿತ ಮನೆಯ ದೋಷ, ಅದೂ ಒಂದಲ್ಲ, ಎರಡು.

ಶುರುವೇ ಆಗದಿದ್ದರೆ ಅರ್ತಿಂಗ್ ನೋಡಿ. ಫ್ರಿಜ್ಜು, ಮಿಕ್ಸಿ ಅರ್ತಿಂಗ್ ಇಲ್ಲದೆಯೂ ಸುಮ್ಮನೆ ಓಡುತ್ತವೆ. ಕಾರಿನ ಚಾರ್ಜರ್ ಮೊದಲು ಅರ್ತ್ ಇದೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ಹಟ ಹಿಡಿಯುತ್ತದೆ. ಎಲೆಕ್ಟ್ರಿಷಿಯನ್ ಮಲ್ಟಿಮೀಟರಿನಲ್ಲಿ ಮೂರು ಅಳತೆ ತೆಗೆಯಲಿ. ಫೇಸ್‌–ನ್ಯೂಟ್ರಲ್ 230 ವೋಲ್ಟ್ ಆಸುಪಾಸು, ಫೇಸ್‌–ಅರ್ತ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ತ್ ಎರಡು ಮೂರು ವೋಲ್ಟಿನೊಳಗೆ ಇರಬೇಕು. ನಿಮ್ಮ ಕಡೆಯ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ತ್ ಕೆಲಸ ಮಾಡುವುದಿಲ್ಲ. ಗುಂಡಿಗೆ ಎರಡು ಕೊಡ ನೀರು ಹೊಯ್ದ ದಿನ ಚಾರ್ಜ್ ಆಗಿ, ವಾರ ಕಳೆದು ಮತ್ತೆ ಕೆಂಪು ದೀಪ ಬಂದರೆ ರೋಗ ಅದೇ. ಹೊಸ ಅರ್ತಿಂಗ್ ಗುಂಡಿ ಮಾಡಿಸಿ.

ಎರಡು ಗಂಟೆಯ ನಂತರ ನಿಂತರೆ ಸಾಕೆಟ್ ಬಿಸಿಯಾಗುತ್ತಿದೆ. ಗೀಸರು ಇಪ್ಪತ್ತು ನಿಮಿಷ ಎಳೆಯುವ ಕರೆಂಟನ್ನು ಕಾರು ಎಂಟು ಹತ್ತು ಗಂಟೆ ಬಿಡದೆ ಎಳೆಯುತ್ತದೆ. ಹಳೆಯ ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿದ್ದರೆ ಬಿಸಿ ಅಲ್ಲೇ ಹುಟ್ಟುತ್ತದೆ. ಚಾರ್ಜರ್ ತೆಗೆದು ಪಿನ್ ನೋಡಿ. ಒಂದು ಪಿನ್ನಿನ ಬುಡ ಮಾತ್ರ ಕಂದಾಗಿದ್ದರೆ, ಸಾಕೆಟ್ಟಿನ ಮುಖ ಹಳದಿಗಟ್ಟಿದ್ದರೆ ಇವತ್ತೇ ಬಳಕೆ ನಿಲ್ಲಿಸಿ. ಮೇನ್ ಬೋರ್ಡಿನಿಂದ ನಡುವೆ ಜಾಯಿಂಟ್ ಇಲ್ಲದೆ 4 ಚದರ ಮಿ.ಮೀ. ತಾಮ್ರದ ವೈರು, 20 ಆಂಪ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ಕಡಿಯುವ ಸ್ವಿಚ್ಚು), ಕರೆಂಟು ಸೋರಿದರೆ ಕಡಿಯುವ 30 ಮಿಲಿಆಂಪಿನ ಟೈಪ್ ಎ ಆರ್‌ಸಿಸಿಬಿ, ಒಳ್ಳೆಯ ಕಂಪನಿಯ ಹೊಸ 16 ಆಂಪ್ ಸಾಕೆಟ್ ಹಾಕಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ಯಾವತ್ತೂ ಬೇಡ. 7.2 ಕಿಲೋವ್ಯಾಟಿನ ಗೋಡೆ ಚಾರ್ಜರ್ ಆದರೆ 6 ಚದರ ಮಿ.ಮೀ. ವೈರು, 40 ಆಂಪ್ ಎಂಸಿಬಿ ಬೇಕು. ಅದಕ್ಕೆ ಮೊದಲು ಮೆಸ್ಕಾಂನಲ್ಲಿ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಸಂಜೆ ಹೊತ್ತು ಮಾತ್ರ ನಿಲ್ಲುತ್ತಿದ್ದರೆ ಅದು ಲೋ ವೋಲ್ಟೇಜು. ರಾತ್ರಿ 11ರ ಮೇಲೆ ಹಾಕಿ ನೋಡಿ.

ಪ್ರಶ್ನೆ: 45 ಯೂನಿಟ್ ಬ್ಯಾಟರಿಯ ಕಾರಿನಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಹೋಗಬಹುದೇ? ಘಾಟಿಯಲ್ಲಿ ಕೈಕೊಟ್ಟರೆ?

ಧಾರಾಳವಾಗಿ ಹೋಗಬಹುದು. ಹಾಸನದವರೆಗೆ 185 ಕಿ.ಮೀ., ಹೆದ್ದಾರಿ ವೇಗದಲ್ಲಿ 29–30 ಯೂನಿಟ್. ಪೂರ್ತಿ ತುಂಬಿಸಿ ಹೊರಟರೆ ಹಾಸನಕ್ಕೆ ಮೂರನೇ ಒಂದು ಭಾಗ ಉಳಿದಿರುತ್ತದೆ. ಅಲ್ಲಿ ಶೇ. 80ರವರೆಗೆ ತುಂಬಿಸಿಕೊಳ್ಳಿ. ಶೇ. 80 ಆದ ಮೇಲೆ ಚಾರ್ಜಿಂಗ್ ತೆವಳುತ್ತದೆ, ಕಾಯುವುದು ದಂಡ.

ಸಕಲೇಶಪುರದಲ್ಲಿ ಶೇ. 100 ತುಂಬಿಸಿ ಶಿರಾಡಿ ಇಳಿಯುವುದು ಮಾತ್ರ ಬೇಡ. ಇಳಿಜಾರಿನಲ್ಲಿ ಮೋಟಾರು ಕಾರನ್ನು ತಡೆದು ಕರೆಂಟು ಹುಟ್ಟಿಸುತ್ತದೆ. ಬ್ಯಾಟರಿಯಲ್ಲಿ ಜಾಗ ಇಲ್ಲದಿದ್ದರೆ ಆ ತಡೆ ಸಿಗುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ.

ಬರುವಾಗ ಲೆಕ್ಕ ತಿರುಗುಮುರುಗು. ಜನ ಸಾಮಾನು ಸೇರಿ 1,800 ಕೆ.ಜಿ. ಭಾರ ಎಂಟುನೂರು ಮೀಟರಿಗೂ ಹೆಚ್ಚು ಮೇಲೇರಬೇಕು. ಅದಕ್ಕೆ ಹೆಚ್ಚುವರಿ 5 ಯೂನಿಟ್, ಅಂದರೆ ಸಮತಟ್ಟು ರಸ್ತೆಯ 30 ಕಿ.ಮೀ.ಯ ಶಕ್ತಿ. ಆದ್ದರಿಂದ ಮಂಗಳೂರು ಬಿಡುವಾಗ ಪೂರ್ತಿ ತುಂಬಿರಲಿ. ಹಾಸನ ತಲುಪುವಾಗ ಶೇ. 25ರ ಮೇಲೆ ಉಳಿಯುತ್ತದೆ. ಮಳೆಗಾಲದಲ್ಲಿ ಶಿರಾಡಿ ಬಂದ್ ಆಗಿ ಚಾರ್ಮಾಡಿ ಸುತ್ತಬೇಕಾದರೆ ಈ ಉಳಿಕೆಯೇ ಆಸರೆ. ಎರಡು ಕಂಪನಿಗಳ ಆ್ಯಪ್‌ನಲ್ಲಿ ಮೊದಲೇ ದುಡ್ಡು ಹಾಕಿಟ್ಟಿರಿ. ಘಾಟಿ ಬುಡದಲ್ಲಿ ನೆಟ್‌ವರ್ಕ್ ಹುಡುಕುತ್ತ ನಿಲ್ಲುವುದು ತಪ್ಪುತ್ತದೆ.

ಪ್ರಶ್ನೆ: 30 ಯೂನಿಟ್ ಬ್ಯಾಟರಿಯ, ನಾಲ್ಕು ವರ್ಷ ಹಳೆಯ ಕಾರು ಅಗ್ಗಕ್ಕೆ ಸಿಗುತ್ತಿದೆ. ಏನು ನೋಡಬೇಕು?

ಬ್ಯಾಟರಿ ವಾರಂಟಿ ಸಾಮಾನ್ಯವಾಗಿ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ಎರಡನೇ ಮಾಲೀಕರಿಗೂ ಅದು ನಡೆಯುತ್ತದೆಯೇ ಎಂದು ಸರ್ವಿಸ್ ಸೆಂಟರಿನಿಂದ ಬರಹದಲ್ಲಿ ಪಡೆಯಿರಿ. ಬ್ಯಾಟರಿ ಆರೋಗ್ಯದ ವರದಿಯನ್ನೂ ಕೇಳಿ, ಜೊತೆಗೆ ನೀವೇ ಅಳೆಯಿರಿ. ಶೇ. 20ರಿಂದ 100ರವರೆಗೆ ಮನೆ ಪ್ಲಗ್ಗಿನಲ್ಲಿ ಚಾರ್ಜ್ ಮಾಡಿ, ನಡುವೆ ಒಂದು ಸಣ್ಣ ಯೂನಿಟ್ ಮೀಟರು ಕೂರಿಸಿ. ಹೊಸ ಬ್ಯಾಟರಿ ಸೋರಿಕೆ ಸೇರಿ 27 ಯೂನಿಟ್ ಕುಡಿಯುತ್ತದೆ. 22ಕ್ಕೇ ಹೊಟ್ಟೆ ತುಂಬಿತು ಎಂದರೆ ಐದರಲ್ಲೊಂದು ಪಾಲು ಸವೆದಿದೆ, ಬೆಲೆಯಲ್ಲಿ ಇಳಿಸಿ ಕೇಳಿ.

ಒಮ್ಮೆ ಫಾಸ್ಟ್ ಚಾರ್ಜರಿಗೂ ಒಯ್ಯಿರಿ, ಕೆಲವು ದೋಷ ಅಲ್ಲಿ ಮಾತ್ರ ಹೊರಬೀಳುತ್ತದೆ. ಕಾರನ್ನು ಲಿಫ್ಟಿಗೆ ಏರಿಸಿ ಬ್ಯಾಟರಿ ಪೆಟ್ಟಿಗೆಯ ತಳದಲ್ಲಿ ಹಂಪಿನ ಪೆಟ್ಟು ಇದೆಯೇ ನೋಡಿ. ಕಂಪನಿಯ ಚಾರ್ಜರ್ ಕೈಗೆ ಬಾರದೆ ದುಡ್ಡು ಕೊಡಬೇಡಿ. ಬಾನೆಟ್ ಅಡಿಯ ಸಣ್ಣ 12 ವೋಲ್ಟ್ ಬ್ಯಾಟರಿಯ ತಾರೀಖನ್ನೂ ಓದಿಕೊಳ್ಳಿ. ಅದು ಸತ್ತರೆ ದೊಡ್ಡದು ಪೂರ್ತಿ ತುಂಬಿದ್ದರೂ ಕಾರು ಕದಲುವುದಿಲ್ಲ. ನಾಲ್ಕು ವರ್ಷ ಹಳೆಯ ಕಾರಿನಲ್ಲಿ ಅದು ಇನ್ನೂ ಮೊದಲಿನದ್ದೇ ಆಗಿದ್ದರೆ, ಮನೆಗೆ ತರುವ ದಾರಿಯಲ್ಲೇ ಬದಲಾಯಿಸಿಬಿಡಿ.