ನೆನಪಿರುವವರೂ ಸದನದಲ್ಲಿ ಬೇಕು

ರಾಬರ್ಟ್ ಬರ್ಡ್ ಕುರಿತ ನಮ್ಮ ಲೇಖನವನ್ನು ಓದಿದ ಶಿರಸಿಯ ಓದುಗರೊಬ್ಬರು ನೊಂದು ಪತ್ರ ಬರೆದಿದ್ದಾರೆ. ಕಪ್ಪು ಜನರ ಮೇಲೆ ಹಿಂಸೆ ನಡೆಸಿದ ಬಿಳಿಯರ ಗುಪ್ತ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನಲ್ಲಿದ್ದ ವ್ಯಕ್ತಿ 51 ವರ್ಷ ಅಮೆರಿಕದ ಮೇಲ್ಮನೆಯಾದ ಸೆನೆಟಿನಲ್ಲಿ ಕುಳಿತದ್ದೇ ಕಳಂಕ, ಅಂಥವರಿಗೆ ನೀವು ಪುಟ ಮೀಸಲಿಟ್ಟದ್ದೇಕೆ, ಜನಪ್ರತಿನಿಧಿಗಳಿಗೆ ಎರಡು ಅವಧಿ ಸಾಲದೇ ಎಂಬುದು ಅವರ ಪ್ರಶ್ನೆ.

ನಿಮ್ಮ ಸಿಟ್ಟು ನ್ಯಾಯವಾದದ್ದು. 1964ರಲ್ಲಿ ವರ್ಣಭೇದವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಮಸೂದೆಯನ್ನು ತಡೆಯಲು ಬರ್ಡ್ 14 ಗಂಟೆಗೂ ಹೆಚ್ಚು ಕಾಲ ಮಾತನಾಡಿದರು. 1967ರಲ್ಲಿ ಥರ್ಗುಡ್ ಮಾರ್ಷಲ್ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾಗುವುದನ್ನೂ ವಿರೋಧಿಸಿ ಮತ ಹಾಕಿದರು. ಇದಕ್ಕೆ ಸಮರ್ಥನೆಯಿಲ್ಲ. ಅಧಿಕಾರ ಒಂದೇ ಕೈಯಲ್ಲಿ ಬೇರು ಬಿಡಬಾರದೆಂಬ ಮಾತನ್ನೂ ಒಪ್ಪುತ್ತೇನೆ.

ಆದರೆ ಅವರ ಬದುಕನ್ನು ಅಲ್ಲಿಗೇ ನಿಲ್ಲಿಸಬೇಡಿ. 1918ರ ಇನ್ಫ್ಲುಯೆಂಜಾದಲ್ಲಿ ತಾಯಿಯನ್ನು ಕಳೆದುಕೊಂಡು, ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಗಳ ನಾಡಿನಲ್ಲಿ ಬಂಧುಗಳ ಆಸರೆಯಲ್ಲಿ ಬೆಳೆದ ಹುಡುಗ ಅವರು. ಪೆಟ್ರೋಲ್ ಬಂಕಿನಲ್ಲಿ, ಮಾಂಸದಂಗಡಿಯಲ್ಲಿ ದುಡಿದರು. ಸಂಸದರಾದ ಮೇಲೂ ರಾತ್ರಿ ತರಗತಿಗಳಿಗೆ ಹೋಗಿ, 1963ರಲ್ಲಿ, ಸೆನೆಟರ್ ಆಗಿದ್ದಾಗಲೇ, ಕಾನೂನು ಪದವಿ ಪಡೆದರು. ಕ್ಲಾನ್ ಸೇರಿದ್ದಕ್ಕೆ ಮತ್ತೆ ಮತ್ತೆ ಬಹಿರಂಗವಾಗಿ ಕ್ಷಮೆ ಕೇಳಿದರು. 2008ರಲ್ಲಿ ಒಬಾಮಾ ಅವರನ್ನು ಬೆಂಬಲಿಸಿದ್ದೂ ಇದೇ ಬರ್ಡ್.

ನನಗೆ ಬಹುಮುಖ್ಯವಾಗಿ ಕಾಣುವುದು 2002ರ ಅಕ್ಟೋಬರ್. ಇರಾಕ್ ಮೇಲೆ ಯುದ್ಧ ಹೂಡುವ ಅಧಿಕಾರವನ್ನು ಅಧ್ಯಕ್ಷ ಬುಷ್ ಅವರಿಗೆ ಕೊಡುವ ನಿರ್ಣಯ ಸೆನೆಟಿನ ಮುಂದಿತ್ತು. ಎಂಬತ್ತನಾಲ್ಕು ವರ್ಷದ ಬರ್ಡ್, ತಾವು ಸದಾ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ಸಂವಿಧಾನದ ಪುಟ್ಟ ಪ್ರತಿಯನ್ನು ನೆನಪಿಸುತ್ತ, ಯುದ್ಧ ಘೋಷಿಸುವ ಹಕ್ಕು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನದು, ಅಧ್ಯಕ್ಷರದಲ್ಲ ಎಂದು ವಾದಿಸಿದರು. 1964ರ ಆಗಸ್ಟಿನಲ್ಲಿ, ವಿಯೆಟ್ನಾಂ ಯುದ್ಧಕ್ಕೆ ದಾರಿ ಮಾಡಿದ ಟಾಂಕಿನ್ ನಿರ್ಣಯವನ್ನು ಸೆನೆಟ್ 88–2 ಮತಗಳಿಂದ ಒಪ್ಪಿದಾಗ ಆ 88ರಲ್ಲಿ ತಾವೂ ಒಬ್ಬರಾಗಿದ್ದುದನ್ನು ಹೇಳಿ ಪಶ್ಚಾತ್ತಾಪಪಟ್ಟರು. ಹೀಗೆ ಹೇಳಬೇಕಾದರೆ ಆ ಮನುಷ್ಯ 38 ವರ್ಷಗಳ ಹಿಂದೆ ಅದೇ ಸದನದಲ್ಲಿ ಕುಳಿತಿರಬೇಕು. ಪುಸ್ತಕ ಓದಿ ತಿಳಿದವನ ಎಚ್ಚರಿಕೆಗೂ, ಕೈಯೆತ್ತಿ ಕೆಟ್ಟವನ ಎಚ್ಚರಿಕೆಗೂ ಅಂತರವಿದೆ. ಸೆನೆಟ್ ಕೇಳಲಿಲ್ಲ, ನಿರ್ಣಯ 77–23ರಿಂದ ಗೆದ್ದಿತು.

ಸೆನೆಟಿನ ಒಂದು ಅವಧಿ ಆರು ವರ್ಷ. ನೀವು ಬಯಸುವ ಎರಡವಧಿಯ ನಿಯಮವಿದ್ದಿದ್ದರೆ, 1959ರಲ್ಲಿ ಸೆನೆಟ್ ಸೇರಿದ ಬರ್ಡ್ 1971ರಲ್ಲೇ ಮನೆ ಸೇರುತ್ತಿದ್ದರು, ತಮ್ಮ ಅತ್ಯಂತ ಕೆಟ್ಟ ಮತಗಳನ್ನು ಹಾಕಿ, ತಿದ್ದಿಕೊಳ್ಳುವ ಮೊದಲೇ! ಕ್ಯಾಲಿಫೋರ್ನಿಯಾದ ಅನುಭವವನ್ನೂ ಗಮನಿಸಿ. 1990ರಲ್ಲಿ ಅಲ್ಲಿನ ಮತದಾರರು ರಾಜ್ಯದ ಕೆಳಮನೆಯ ಸದಸ್ಯರಿಗೆ ಆರೇ ವರ್ಷದ ಮಿತಿ ಹಾಕಿದರು. 2012ರಲ್ಲಿ ಅದೇ ಮತದಾರರು ನಿಯಮ ತಿದ್ದಿ, ಒಂದೇ ಸದನದಲ್ಲಿ 12 ವರ್ಷ ಇರಲು ಅವಕಾಶ ಕೊಟ್ಟರು. ಬಜೆಟ್ ಓದಲು ಕಲಿಯುವ ಹೊತ್ತಿಗೆ ಶಾಸಕ ಗಂಟುಮೂಟೆ ಕಟ್ಟಿದರೆ, ಉಳಿದುಕೊಳ್ಳುವವರು ಅಧಿಕಾರಿಗಳು ಮತ್ತು ಲಾಬಿಗಾರರು. ಅವರಿಗೆ ಅವಧಿಮಿತಿ ಹಾಕಿದವರಿಲ್ಲ, ಅವರನ್ನು ಚುನಾಯಿಸಿದವರೂ ಇಲ್ಲ.

1942ರ ಜೂನ್‌ನಲ್ಲಿ ಬಲ್ಗೇರಿಯಾ, ಹಂಗೇರಿ, ರೊಮೇನಿಯಾಗಳ ವಿರುದ್ಧ ಯುದ್ಧ ಸಾರಿದ ಮೇಲೆ ಅಮೆರಿಕದ ಕಾಂಗ್ರೆಸ್ ವಿಧಿವತ್ತಾಗಿ ಯುದ್ಧ ಘೋಷಿಸಿಯೇ ಇಲ್ಲ. ಕೊರಿಯಾ, ವಿಯೆಟ್ನಾಂ, ಇರಾಕ್, ಎಲ್ಲವೂ ಆಮೇಲಿನವು. ತನ್ನ ಹಕ್ಕನ್ನು ತಾನೇ ಬಿಟ್ಟುಕೊಟ್ಟ ಆ ಸದನದ ಮೇಲೆ ನಿಮ್ಮ ಪತ್ರದಲ್ಲಿ ಒಂದು ಸಾಲಿನ ಸಿಟ್ಟೂ ಕಾಣಲಿಲ್ಲವಲ್ಲ ಎಂಬುದೇ ನನ್ನ ಬೇಸರ.

– ಸಂ.